ಯಂತ್ರ ಇನ್ನೂ ಓದಿ ಮುಗಿಸಿರಲಿಲ್ಲ

ಫೆಬ್ರವರಿ 17, ಸೋಮವಾರ

ನಲೋಮಕ್ಕೆ ಪಾದ್ರಿಯಾಗಿ ವರ್ಗವಾಗಿ ಬಂದು ಐದು ವಾರ. ಅಷ್ಟರಲ್ಲೇ ಊರ ಹೆಂಗಸರ ಎದುರು ತಲೆ ಎತ್ತಲಾರದ ಹಾಗಾಯಿತು.

ಅಯ್ಯನವರಿಗೆಂದು, ಅಂದರೆ ಈಗ ನನಗೆ, ಕೊಟ್ಟ ಮನೆಯ ತಗಡಿನ ಮೇಲೆ ನಾಲ್ಕು ಸೋಲಾರ್ ಹಲಗೆಗಳಿವೆ, ಒಳಗೆ ಎರಡು ಬ್ಯಾಟರಿ. ಅವುಗಳಿಂದ ಮನೆಯ ಮೂರು ದೀಪ ಮತ್ತು ಮಹಿಳಾ ಸಂಘದ ಮೀನಿನ ಫ್ರೀಜರ್ ನಡೆಯುತ್ತಿದ್ದವು. ನಾನು ಬಂದವನೇ ರಾಜಧಾನಿ ಸೂವಾದಿಂದ ಹಡಗಿನಲ್ಲಿ ತಂದ ಕಂಪ್ಯೂಟರನ್ನೂ ಅದಕ್ಕೇ ಸಿಕ್ಕಿಸಿದೆ. ಅದರಲ್ಲಿ ಬೈಬಲ್ ಅಧ್ಯಯನದ ಸಾಫ್ಟ್‌ವೇರ್ ಇದೆ, ಸಾವಿರದ ನಾನೂರು ಪುಸ್ತಕ. ಶನಿವಾರ ಇನ್ನೊಂದನ್ನು ಸೇರಿಸಿದೆ. ಈ ದ್ವೀಪದ ಕ್ರೈಸ್ತ ಸಭೆಗಳ ಹಳೆಯ ಪತ್ರ, ನಡಾವಳಿಗಳು. ಹಿಂದಿನ ಅಯ್ಯನವರು ಟೈಪು ಮಾಡಿಸಿಟ್ಟ ಮುನ್ನೂರು ಪುಟ. ಸೇರಿಸಿದ್ದೇ ತಡ, ಸಾಫ್ಟ್‌ವೇರ್ ಎಲ್ಲವನ್ನೂ ಮೊದಲಿನಿಂದ ಓದಿ ಪದಸೂಚಿ ಕಟ್ಟಲು ಕೂತುಬಿಟ್ಟಿತು. ಯಾವ ಪದ ಯಾವ ಪುಟದಲ್ಲಿದೆ ಎಂದು ಒಂದೊಂದನ್ನೂ ಗುರುತು ಹಾಕಿಕೊಳ್ಳುವ ಕೆಲಸ. ನಾವು ಬೇರೇನೋ ಬರೆಯುತ್ತಿದ್ದರೂ ಹಿಂದುಗಡೆ ಅದು ತನ್ನ ಪಾಡಿಗೆ ಓದುತ್ತಿರುತ್ತದೆ. ಫ್ಯಾನು ಮಾತ್ರ ದೋಣಿಯ ಎಂಜಿನ್ನಿನ ಹಾಗೆ ಕೂಗುತ್ತದೆ.

ನಿನ್ನೆ ಇಡೀ ದಿನ ಮೋಡ. ಆರಾಧನೆಯ ಗಡಿಬಿಡಿಯಲ್ಲಿ ನಾನು ಯಂತ್ರ ಆರಿಸುವುದನ್ನು ಮರೆತೆ. ಬೆಳಿಗ್ಗೆ ನೋಡಿದರೆ ಬ್ಯಾಟರಿ ಖಾಲಿ. ಫ್ರೀಜರಿನಿಂದ ನೀರು ಹರಿದು ಕೇದಗೆ ಚಾಪೆಯೆಲ್ಲ ನೆನೆದಿತ್ತು. ಮುಂದಿನ ವಾರ ಬರುವ ಅತಿಥಿಗಳಿಗೆಂದು ಹೆಂಗಸರು ಕೂಡಿಟ್ಟಿದ್ದ ಮೀನು ಪೂರ್ತಿ ಮೆತ್ತಗಾಗಿತ್ತು.

ಬೇರೆ ದಾರಿಯಿಲ್ಲದೆ ಇವತ್ತೇ ಎಲ್ಲವನ್ನೂ ತೆಂಗಿನ ಹಾಲಿನಲ್ಲಿ ಬೇಯಿಸಿ ಊರಿಗೆಲ್ಲ ಬಡಿಸಿದರು. ಊರ ನಾಯಕರ ಪರವಾಗಿ ಮಾತಾಡುವ ಮಾತುಗಾರ ಎಪರಾಮ ಎರಡನೇ ತಟ್ಟೆ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಐದೇ ವಾರಕ್ಕೆ ಊರಿಗೆಲ್ಲ ಊಟ ಹಾಕಿಸಿದ್ರು ನೋಡಿ! ಇಂಥ ಅಯ್ಯನವರು ಹಿಂದೆ ಬಂದಿರ್ಲಿಲ್ಲ, ಮುಂದೆ ಬರೋದೂ ಇಲ್ಲ."

ಎಲ್ಲರೂ ನಕ್ಕರು. ನನ್ನ ಹೆಂಡತಿ ತಾರಾಯ್ವಿನಿ ನಗಲಿಲ್ಲ. ಅವಳು ಬೆಳಗಿನಿಂದ ಚಾಪೆ ತೊಳೆಯುತ್ತಿದ್ದಳು.

ಫೆಬ್ರವರಿ 19, ಬುಧವಾರ

ಶಾಲೆಯ ಮುಖ್ಯೋಪಾಧ್ಯಾಯಿನಿ ತೊರಿಕಾ ಬಂದಿದ್ದರು. ಶಾಲೆಯ ಆರು ಕಂಪ್ಯೂಟರುಗಳನ್ನು ಒಬ್ಬರೇ ಬಿಚ್ಚಿ ಜೋಡಿಸುವ ಹೆಂಗಸು. ಪರದೆಯ ಮೂಲೆಯಲ್ಲಿ ಸುತ್ತುತ್ತಿದ್ದ ಸಣ್ಣ ಚಕ್ರದ ಮೇಲೆ ಒತ್ತಿ ತೋರಿಸಿದರು.

"ಇಲ್ಲಿ 'ನಿಲ್ಲಿಸು' ಅಂತಿದೆ ಅಯ್ಯನವರೇ. ಮೋಡ ಇದ್ದಾಗ ನಿಲ್ಸಿ. ಬಿಸಿಲು ಬಂದಾಗ ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿ, ಮೂರಕ್ಕೆ ನಿಲ್ಸಿ. ಆಗ ಬೇರೆ ಏನೂ ತೆರೀಬೇಡಿ. ಮೂರ್ನಾಲ್ಕು ದಿನಕ್ಕೆ ಓದಿ ಮುಗಿಸತ್ತೆ. ಆದ್ರೆ ಅಲ್ಲೀವರೆಗೆ ಹುಡುಕಿದ್ದನ್ನ ನಂಬಬೇಡಿ ಮತ್ತೆ. ಅದು ಓದಿರೋದ್ರಲ್ಲಿ ಮಾತ್ರ ಹುಡುಕತ್ತೆ."

ನಿಲ್ಲಿಸಿದ ಕೂಡಲೇ ಪರದೆಯ ಮೇಲ್ಗಡೆ ಒಂದು ಹಳದಿ ಪಟ್ಟಿ ಬಂತು: ಪದಸೂಚಿ ಅಪೂರ್ಣ, ಫಲಿತಾಂಶ ಪೂರ್ತಿ ಇರಲಾರದು. ಇರಲಿ. ಫ್ಯಾನಿನ ಸದ್ದು ನಿಂತು ಮನೆ ತಣ್ಣಗಾಯಿತು.

ಮಾರ್ಚ್ 8, ಶನಿವಾರ

ದೇವಾಲಯ ಕಟ್ಟಿ ಈ ವರ್ಷಕ್ಕೆ ನೂರು. ಮೇ ಕೊನೆಯಲ್ಲಿ ಹಬ್ಬ. ಈ ಊರಲ್ಲಿ ಸುವಾರ್ತೆ ಸಾರಿದವರೆಲ್ಲರ ಹೆಸರು ಕೆತ್ತಿದ ಕಲ್ಲೊಂದನ್ನು ಬಾಗಿಲ ಪಕ್ಕ ನಿಲ್ಲಿಸಬೇಕೆಂದು ಹಿರಿಯರ ಆಸೆ. ಹೆಸರು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಓದಿದವರು ನೀವು, ನಿಮ್ಮ ಹತ್ತಿರ ಯಂತ್ರ ಇದೆ ಎಂದರು. ಹಿಗ್ಗಾಯಿತು, ಸುಳ್ಳೇಕೆ.

ಹಿರಿಯರ ಸಭೆ ಮುಗಿದ ಮೇಲೆ ವೆರೆನಿಕಿ ಹತ್ತಿರ ಬಂದ. ಎಪ್ಪತ್ತೊಂಬತ್ತು ವರ್ಷದ ಮುದುಕ. ಅಯ್ಯನವರಿಲ್ಲದಾಗ ಆರಾಧನೆ ನಡೆಸುವ ಉಪದೇಶಿಯಾಗಿ ನಲವತ್ತು ವರ್ಷ ಇಲ್ಲಿದ್ದವನು. ಈಗಲೂ ಭಾನುವಾರ ಲಾಲಿ ಬಾರಿಸುವವನು ಅವನೇ. ಆ ಮರದ ನಗಾರಿಯ ಸದ್ದು ಕೊಲ್ಲಿಯ ಆಚೆ ದಡಕ್ಕೂ ಕೇಳುತ್ತದೆ.

"ನಮ್ಮಜ್ಜಿ ಮೆರೆಸೀನಿ ಹೆಸರೂ ಇರ್ಬೇಕು ಅಯ್ಯನವರೇ," ಅಂದ. "1918ರ ದೊಡ್ಡ ಜ್ವರದಲ್ಲಿ ಉಪದೇಶಿ ತೀರಿಕೊಂಡ. ಎರಡು ವರ್ಷ ಯಾರೂ ಬರ್ಲಿಲ್ಲ. ಆಗ ಇಲ್ಲಿ ಸಭೆ ನಡೆಸಿದ್ದು ಅವಳು."

ಆ ಕಾಲದಲ್ಲಿ ಹೆಂಗಸೊಬ್ಬಳು ಪೀಠ ಹತ್ತಿದ್ದಳೆಂದರೆ ನಂಬುವುದು ಹೇಗೆ? ಹುಡುಕಿ ನೋಡುತ್ತೇನೆ ಅಂದೆ.

ಮಾರ್ಚ್ 13, ಗುರುವಾರ

ಹುಡುಕಿದೆ. ಮೆರೆಸೀನಿ: ಫಲಿತಾಂಶವಿಲ್ಲ. ಒಂದಕ್ಷರ ಬದಲಿಸಿ ಹುಡುಕಿದೆ. ಇಲ್ಲ.

ಮೇಲೆ ಅದೇ ಹಳದಿ ಪಟ್ಟಿ. ಮೂರು ವಾರದಿಂದ ಇದೆ. ಸೂಚಿಯನ್ನು ಮತ್ತೆ ಹಚ್ಚೋಣವೇ ಅಂತ ಒಂದು ಗಳಿಗೆ ಅನಿಸಿತು. ಮಂಗಳವಾರದಿಂದ ಮೋಡ, ಫ್ರೀಜರಿನ ತುಂಬ ಮೀನು, ಸಭೆ ನಾಳೆಯೇ. ಹೇಗಿದ್ದರೂ ಸಿಗುವ ಹೆಸರಲ್ಲ. ಮುಚ್ಚಿಟ್ಟೆ.

ಮಾರ್ಚ್ 14, ಶುಕ್ರವಾರ

ಸಭಾಮನೆಯಲ್ಲಿ ಐವತ್ತು ಅರವತ್ತು ಜನ. ನಡುವೆ ಯಂಗೊನ ಎಂಬ ಬೇರಿನ ಪಾನಕದ ದೊಡ್ಡ ಮರದ ಬೋಗುಣಿ, ತೆಂಗಿನ ಚಿಪ್ಪು ಕೈಯಿಂದ ಕೈಗೆ ಹೋಗುತ್ತಿತ್ತು. ನಾನು ಪಟ್ಟಿ ಓದಿದೆ. ಹದಿನೇಳು ಹೆಸರು. ಎಲ್ಲರೂ ತಲೆದೂಗಿದರು. ವೆರೆನಿಕಿ ಎದ್ದು ಕೇಳಿದ.

"ನಮ್ಮಜ್ಜೀದು ಬರ್ಲಿಲ್ವಲ್ಲ ಅಯ್ಯನವರೇ?"

"ಸಾವಿರದ ನಾನೂರು ಪುಸ್ತಕ ಹುಡುಕ್ಸಿದೀನಿ ಉಪದೇಶಿಗಳೇ. ನಮ್ಮ ದ್ವೀಪದ ಮುನ್ನೂರು ಪುಟದ ದಾಖಲೆಯನ್ನೂ. ಆ ಹೆಸರು ಒಂದು ಸಲವೂ ಇಲ್ಲ."

"ಇರ್ಬೇಕು. ನಾನು ಅವಳ ಬಾಯಿಂದಲೇ ಕೇಳಿದ್ದು."

"ಅಜ್ಜಿಯರು ಮೊಮ್ಮಕ್ಕಳಿಗೆ ಏನೇನೋ ಹೇಳಿರ್ತಾರೆ. ಕಲ್ಲಿನ ಮೇಲೆ ಕೆತ್ತೋದಕ್ಕೆ ಆಧಾರ ಬೇಕಲ್ವಾ?"

ಎಪರಾಮ ಬಿಡುತ್ತಾನೆಯೇ? "ನಮ್ಮಜ್ಜಿ ಶಾರ್ಕ್ ಬೆನ್ನ ಮೇಲೆ ಕೂತು ಸೂವಾಗೆ ಹೋಗಿದ್ಲಂತೆ. ಅದನ್ನೂ ಕೆತ್ಸಿಬಿಡಿ ಅಯ್ಯನವರೇ, ಕಲ್ಲಲ್ಲಿ ಜಾಗ ಇದ್ರೆ!"

ಕುಡಿಯುತ್ತಿದ್ದವರಿಗೆ ಕೆಮ್ಮು ಬರುವಷ್ಟು ನಗು. ನಾನೂ ನಕ್ಕೆ.

ವೆರೆನಿಕಿ ಕನ್ನಡಕ ತೆಗೆದು ಸೊಂಟಕ್ಕೆ ಸುತ್ತಿದ ಸುಲುವಿನ ಅಂಚಿನಿಂದ ಒರೆಸಿಕೊಂಡ. ತನ್ನ ಸರದಿಯ ಚಿಪ್ಪು ಬಂದಾಗ ಕುಡಿದು, ಕ್ರಮ ತಪ್ಪದಂತೆ ಬೊಗಸೆಗೈಯಲ್ಲಿ ಮೂರು ಸಲ ಚಪ್ಪಾಳೆ ತಟ್ಟಿದ. ಆಮೇಲೆ ಬಗ್ಗಿಕೊಂಡು, ಯಾರ ತಲೆಗಿಂತಲೂ ಮೇಲಾಗದ ಹಾಗೆ, ಬಾಗಿಲಿನ ಕಡೆ ನಡೆದುಹೋದ.

ದಾರಿಯಲ್ಲಿ ತಾರಾಯ್ವಿನಿ ಅಂದಳು: "ಅವ್ರು ನಕ್ರು ಸರಿ. ನೀವು ನಗಬಾರ್ದಿತ್ತು ರೀ."

ಮಾರ್ಚ್ 16, ಭಾನುವಾರ

ಲಾಲಿಯನ್ನು ಬೇರೆ ಯಾರೋ ಬಾರಿಸಿದರು. ಅರ್ಧ ಜನ ಅದು ಆರಾಧನೆಯ ಕರೆಯೆಂದು ತಿಳಿಯದೆ ತಡವಾಗಿ ಬಂದರು. ವೆರೆನಿಕಿಗೆ ಮಂಡಿ ನೋವಂತೆ.

ಮಾರ್ಚ್ 23, ಭಾನುವಾರ

ಇವತ್ತೂ ಮಂಡಿ ನೋವು.

ಮಾರ್ಚ್ 25, ಮಂಗಳವಾರ

ಹದಿನೇಳು ಹೆಸರನ್ನು ಕಲ್ಲಿನ ಕೆಲಸದವರಿಗೆ ಹಡಗಿನಲ್ಲಿ ಕಳಿಸಿದೆ.

ಏಪ್ರಿಲ್ 9, ಬುಧವಾರ

ಶುಭ ಶುಕ್ರವಾರದ ಪ್ರಸಂಗ ಬರೆಯಲು ಕೂತಿದ್ದೆ. ಹಿಂದೊಮ್ಮೆ ಓದಿ ನಾನೇ ಗುರುತು ಹಾಕಿದ್ದ ಒಂದು ಸಾಲು ಬೇಕಿತ್ತು. ಹುಡುಕಿದೆ. ಫಲಿತಾಂಶವಿಲ್ಲ. ಯಾವ ಪುಸ್ತಕವೆಂದು ನೆನಪಿತ್ತು, ಕೈಯಿಂದ ಪುಟ ತಿರುಗಿಸುತ್ತ ಹೋದೆ. ಸಾಲು ಅಲ್ಲೇ ಇದೆ! ಅದರ ಮೇಲೆ ನನ್ನದೇ ಹಸಿರು ಗುರುತು.

ಪ್ರಸಂಗದ ಯೋಚನೆ ಹಾರಿಹೋಯಿತು. ಮುದುಕ ಬಗ್ಗಿಕೊಂಡು ಬಾಗಿಲಿಗೆ ನಡೆದದ್ದು ಕಣ್ಣ ಮುಂದೆ ಬಂತು.

ಚಕ್ರದ ಮೇಲೆ ಒತ್ತಿದೆ. ಓದಿದ್ದು ನೂರಕ್ಕೆ ಮೂವತ್ತೊಂದು. ಫೆಬ್ರವರಿಯಲ್ಲಿ ನಿಲ್ಲಿಸಿದಾಗ ಎಷ್ಟಿತ್ತೋ ಅಷ್ಟೇ.

ಏಪ್ರಿಲ್ 10, ಗುರುವಾರ

ಒಳ್ಳೆಯ ಬಿಸಿಲು. ತೊರಿಕಾ ಟೀಚರ್ ಹೇಳಿದ ಹಾಗೆ ಒಂಬತ್ತಕ್ಕೆ ಹಚ್ಚಿದೆ. ಬೇರೇನನ್ನೂ ತೆರೆಯಲಿಲ್ಲ. ಪರದೆಯ ಬೆಳಕು ತಗ್ಗಿಸಿದೆ. ಅರ್ಧ ಗಂಟೆಗೊಮ್ಮೆ ಹೋಗಿ ಬ್ಯಾಟರಿಯ ಮುಳ್ಳು ನೋಡಿದೆ, ಫ್ರೀಜರಿನ ಮುಚ್ಚಳ ಮುಟ್ಟಿ ನೋಡಿದೆ. ಮೂರಕ್ಕೆ ನಿಲ್ಲಿಸಿದಾಗ ಐವತ್ತನಾಲ್ಕು.

"ಏನ್ರೀ, ಹಸುಗೂಸು ಮಲಗಿಸಿದ ಹಾಗೆ ಕಾಯ್ತಾ ಇದೀರ?" ಎಂದು ತಾರಾಯ್ವಿನಿ ಕೇಳಿದಳು.

ಏಪ್ರಿಲ್ 11, ಶುಕ್ರವಾರ

ಎಪ್ಪತ್ತೊಂಬತ್ತು. ಆ ಹೆಸರು ಇಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ದೇವರ ಸೇವಕ ಬೇಡಿಕೊಳ್ಳುವ ಬೇಡಿಕೆಯೇ ಇದು?

ಏಪ್ರಿಲ್ 12, ಶನಿವಾರ

ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಫ್ಯಾನು ತಾನಾಗಿ ನಿಂತಿತು. ಹಳದಿ ಪಟ್ಟಿ ಹೋಗಿತ್ತು. ಹೆಸರು ಬರೆದು ಹುಡುಕಿದೆ.

ಹನ್ನೊಂದು ಕಡೆ.

ಹತ್ತು ಕಡೆ ಬರೀ ಹೆಸರು, ಸಭೆಗೆ ಕೊಟ್ಟ ಚಾಪೆಗಳ ಲೆಕ್ಕದಲ್ಲಿ, ಬೈಬಲ್ ಪಾಠ ಕಲಿಸುವವರ ಸಾಲಿನಲ್ಲಿ. ಹನ್ನೊಂದನೆಯದು 1919ರ ಮೇ ತಿಂಗಳ ಪತ್ರ. ದ್ವೀಪದ ಆಗಿನ ಅಯ್ಯನವರು ತಮ್ಮ ಮೇಲಿನವರಿಗೆ ಬರೆದದ್ದು. ಹಾಗೆಯೇ ಇಳಿಸಿಕೊಳ್ಳುತ್ತೇನೆ:

"ನಲೋಮದಲ್ಲಿ ಉಪದೇಶಿಯೂ ಅವನ ಹೆಂಡತಿಯೂ ಜ್ವರದಿಂದ ಸತ್ತ ಮೇಲೆ ಮೆರೆಸೀನಿ ಎಂಬ ಇಪ್ಪತ್ತಮೂರು ವರ್ಷದ ಹೆಣ್ಣುಮಗಳು ಇಪ್ಪತ್ತೇಳು ಜನರನ್ನು ಪ್ರಾರ್ಥನೆ ಹೇಳಿ ಮಣ್ಣು ಮಾಡಿದ್ದಾಳೆ. ಅಂದಿನಿಂದ ಒಂದು ಭಾನುವಾರವೂ ತಪ್ಪದೆ ಸಭೆ ನಡೆಸುತ್ತಿದ್ದಾಳೆ. ಹೆಂಗಸಿಗೆ ಯಾವ ಪದವಿ ಕೊಡುವುದಕ್ಕೂ ನಮ್ಮಲ್ಲಿ ಕ್ರಮವಿಲ್ಲದ ಕಾರಣ ನಾನು ಏನೂ ಕೊಟ್ಟಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ."

ಎದ್ದು ಹೋಗಿ ಬಾಗಿಲು ಮುಚ್ಚಿದೆ. ಯಾರಾದರೂ ಬಂದು ಪರದೆ ನೋಡಿಯಾರು ಅಂತ.

ಏಪ್ರಿಲ್ 13, ಭಾನುವಾರ

ಹೇಳಲಿಲ್ಲ.

ಏಪ್ರಿಲ್ 18, ಶುಭ ಶುಕ್ರವಾರ

ಇವತ್ತು ಓದಬೇಕಾದ ಭಾಗದಲ್ಲಿ, ಹೆದರಿದ ಶಿಷ್ಯ ತನ್ನ ಗುರು ಯಾರೋ ತಿಳಿಯದೆಂದು ಮೂರು ಸಲ ಸುಳ್ಳು ಹೇಳುವುದು ಬರುತ್ತದೆ. ಅದನ್ನು ದಾಟಿ ಮುಂದಿನಿಂದ ಓದಿದೆ. ಯಾರೂ ಕೇಳಲಿಲ್ಲ. ಎರಡನೇ ಸಾಲಿನಲ್ಲಿದ್ದ ತೊರಿಕಾ ಟೀಚರ್ ಮಾತ್ರ ಪುಸ್ತಕದಲ್ಲಿ ಹಿಂದಿನ ಪುಟಕ್ಕೆ ಹೋಗಿ, ಮತ್ತೆ ಮುಂದೆ ಬಂದು, ನನ್ನನ್ನು ನೋಡಿದರು.

ವೆರೆನಿಕಿ ಬಂದಿದ್ದ, ಕೊನೆಯ ಬೆಂಚಿನಲ್ಲಿ. ಮಂಡಿ ನೋವಿನವನು ಮಂಡಿಯೂರಿ ಎಲ್ಲರಿಗಿಂತ ಹೆಚ್ಚು ಹೊತ್ತು ಪ್ರಾರ್ಥಿಸಿದ.

ಏಪ್ರಿಲ್ 22, ಮಂಗಳವಾರ

ಕಲ್ಲು ಬಂತು. ನಾಲ್ಕು ಜನ ಬಿದಿರಿಗೆ ಕಟ್ಟಿ ಹೊತ್ತು ತಂದರು. ಕರಿಯ ಕಲ್ಲು, ಬಿಳಿಯ ಅಕ್ಷರ, ಹದಿನೇಳು ಗಂಡಸರು. ಹೆಂಗಸರು ಹಾಡುತ್ತ ಎದುರುಗೊಂಡರು. ದಾರಿಗೆ ವೆರೆನಿಕಿಯ ಮನೆ ಸಿಗುತ್ತದೆ. ಅವನು ಜಗಲಿಯಲ್ಲಿ ಕೂತು ಕೆಸುವಿನ ಗಡ್ಡೆಯ ಮಣ್ಣು ಕೆರೆಯುತ್ತಿದ್ದ. ಕಲ್ಲು ಹಾದುಹೋಗುವಾಗ ಚಾಕು ಕೆಳಗಿಟ್ಟು ಟೋಪಿ ತೆಗೆದ. ನಾನು ಸಮುದ್ರದ ಕಡೆ ನೋಡುತ್ತ ನಡೆದೆ.

ಏಪ್ರಿಲ್ 23, ಬುಧವಾರ

ತಾರಾಯ್ವಿನಿಗೆ ಹೇಳಿದೆ. ಮರಗೆಣಸು ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಹನ್ನೊಂದು."

"ಹನ್ನೊಂದು ದಿನ ನನ್ನ ಕೈ ಅಡಿಗೆ ಹೇಗೆ ಇಳೀತು ನಿಮಗೆ?" ಆಮೇಲೆ ಮೆತ್ತಗೆ ಕೇಳಿದಳು: "ಹೋಗಿ ಹೇಳ್ಬಿಡೋಕೆ ಏನು ಕಷ್ಟ?"

"ಊರೆಲ್ಲ ನಗತ್ತೆ. ಇನ್ನು ಪೀಠದ ಮೇಲೆ ನಿಂತು ಏನು ಹೇಳಿದ್ರೂ ಯಾರು ನಂಬ್ತಾರೆ?"

"ಆ ಅಜ್ಜನ್ನ ನೋಡಿ ನಕ್ಕಾಗ ಇದೆಲ್ಲ ಯೋಚ್ನೆ ಬರ್ಲಿಲ್ಲ ನೋಡಿ."

ಮತ್ತೆ ಸುಲಿಯತೊಡಗಿದಳು.

ಏಪ್ರಿಲ್ 24, ಗುರುವಾರ

ಯಂಗೊನದ ಬೇರಿನ ಕಟ್ಟು ಹಿಡಿದು ವೆರೆನಿಕಿಯ ಮನೆಗೆ ಹೋದೆ. ಪತ್ರವನ್ನು ಕೈಯಲ್ಲಿ ಬರೆದುಕೊಂಡಿದ್ದೆ. ಮಾತನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವನ ಮುಖ ನೋಡಿದ ಕೂಡಲೇ ಬೇರೆ ಮಾತು ಬಂತು.

"ಉಪದೇಶಿಗಳೇ, ಹೆಸರು ಸಿಕ್ಕಿತು. ಆವತ್ತು ಯಂತ್ರ ಅದನ್ನ ತಪ್ಪಿಸಿಬಿಟ್ಟಿತ್ತು."

ಇಷ್ಟೇ ನಾನು ಹೇಳಿದ್ದು. ಯಂತ್ರ ತಪ್ಪಿಸಿಬಿಟ್ಟಿತ್ತು.

"ಓದಿ," ಅಂದ. ಓದಿದೆ. "ಇನ್ನೊಂದ್ಸಲ." ಓದಿದೆ. ಎರಡು ಕೈಯನ್ನೂ ಮಂಡಿಯ ಮೇಲೆ ಊರಿಕೊಂಡು ಕೇಳಿದ. ಆಮೇಲೆ ನನ್ನ ಬೆನ್ನು ತಟ್ಟಿದ. ಅದನ್ನು ಬರೆಯಲೂ ಕಷ್ಟವಾಗುತ್ತಿದೆ.

"ಯಂತ್ರಾನ ಬೈಬೇಡಿ ಅಯ್ಯನವರೇ. ಪಾಪ, ಅದಕ್ಕೇನು ಗೊತ್ತು? ನೀವು ಬಿಡದೆ ಹುಡುಕಿದ್ರಲ್ಲ, ಅಷ್ಟು ಸಾಕು. ಬೇರೆ ಯಾರಾದ್ರೂ ಆಗಿದ್ರೆ ಆವತ್ತೇ ಬಿಟ್ಬಿಡ್ತಿದ್ರು."

ಬಾಳೆಹಣ್ಣಿನ ಗೊನೆ ಕೊಟ್ಟು ಕಳಿಸಿದ. ಹೊತ್ತುಕೊಂಡು ಬಂದೆ.

ಏಪ್ರಿಲ್ 28, ಸೋಮವಾರ

ಊರೆಲ್ಲ ಸುದ್ದಿಯಾಗಿದೆ. ಅಯ್ಯನವರು ಛಲ ಬಿಡದೆ ಹುಡುಕಿದರಂತೆ. ದಾರಿಯಲ್ಲಿ ಹೆಂಗಸರು ನಿಂತು ಕೈ ಕುಲುಕುತ್ತಾರೆ. ಮೀನು ಕೆಟ್ಟ ದಿನ ನನಗೆ ಬೆನ್ನು ತಿರುಗಿಸಿದ್ದ ಸಂಘದ ಅಧ್ಯಕ್ಷೆ ಇವತ್ತು ಹೊಸ ಚಾಪೆ ತಂದುಕೊಟ್ಟಳು. ನನಗೆ ಅದರ ಮೇಲೆ ಕೂರಲಾಗುತ್ತಿಲ್ಲ.

ಶಾಲೆಯ ಹತ್ತಿರ ತೊರಿಕಾ ಟೀಚರ್ ಸಿಕ್ಕರು.

"ಯಂತ್ರ ತಪ್ಪಿಸ್ತು ಅಂತ ಹೇಳಿದ್ರಂತೆ?"

"ಹೂಂ."

"ಸೂಚಿ ನಿಲ್ಸಿದ್ದು ಯಾರು ಅಯ್ಯನವರೇ? ಹಳದಿ ಪಟ್ಟಿ ಬಂದಿರ್ಲಿಲ್ವಾ?"

"ಬಂದಿತ್ತು."

"ನೋಡಿರ್ಲಿಲ್ವಾ?"

ಅಂಗಳದಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು.

"ನಾನು ಯಾರಿಗೂ ಹೇಳಲ್ಲ," ಅಂದರು ಟೀಚರ್. "ಹೇಳೋದು ನನ್ನ ಕೆಲಸ ಅಲ್ಲ. ಆದ್ರೆ ಶಾಲೇಲಿ ಮಕ್ಕಳು ಪೆನ್ಸಿಲ್ ಮೇಲೆ ತಪ್ಪು ಹಾಕಿದ್ರೆ ನಾನು ಅವರಿಗೆ ಏನು ಹೇಳ್ಲಿ?"

ಮೇ 1, ಗುರುವಾರ

ನಾಳೆ ಎಲ್ಲರ ಎದುರು ನಿಜ ಹೇಳುತ್ತೇನೆ ಅಂದೆ. ತಾರಾಯ್ವಿನಿ ಪೆಟ್ಟಿಗೆಯ ತಳದಿಂದ, ಮದುವೆಗೂ ಕ್ಷಮೆಗೂ ಇಲ್ಲಿ ಕೊಡುವ ತಿಮಿಂಗಿಲದ ಹಲ್ಲನ್ನು ತೆಗೆದು ನನ್ನ ಮುಂದಿಟ್ಟಳು. ನಮ್ಮ ಮದುವೆಯಲ್ಲಿ ನನ್ನ ಕಡೆಯವರು ಅವಳ ತಂದೆಗೆ ಕೊಟ್ಟದ್ದು. ಸಾಯುವ ಮುಂಚೆ ಅವರು ಮಗಳಿಗೆ ಕೊಟ್ಟಿದ್ದರು. ತೆಂಗಿನ ನಾರಿನ ಹಗ್ಗ ಎಣ್ಣೆ ಹಿಡಿದು ಕಪ್ಪಾಗಿದೆ.

"ಬರಿಗೈಲಿ ಹೋಗ್ಬೇಡಿ," ಅಂದಳು. "ತಪ್ಪು ಒಪ್ಪೋದಾದ್ರೆ ಕ್ರಮವಾಗಿ ಒಪ್ಪಿ."

"ಇದು ನಿಮ್ಮಪ್ಪಂದು."

"ನನಗೆ ಗೊತ್ತಿಲ್ವಾ ಯಾರದ್ದು ಅಂತ?"

ಮೇ 2, ಶುಕ್ರವಾರ

ಅದೇ ಸಭಾಮನೆ, ಹೆಚ್ಚುಕಡಿಮೆ ಅದೇ ಜನ. ಈ ಸಲ ಮೇಲಿನ ಕಡೆ ನಾಯಕರ ಪಕ್ಕ ಕೂರದೆ ಬಾಗಿಲ ಹತ್ತಿರ, ಯಂಗೊನ ಕಲಸುವವರಿಗಿಂತಲೂ ಕೆಳಗೆ, ಹಲ್ಲನ್ನು ಎರಡು ಕೈಯಲ್ಲಿ ಹಿಡಿದು ಕೂತೆ.

ಹೇಳಿದೆ. ಯಂತ್ರ ಏನನ್ನೂ ತಪ್ಪಿಸಿರಲಿಲ್ಲ. ಇನ್ನೂ ಓದಿ ಮುಗಿಸಿಲ್ಲ ಎಂದು ಪರದೆಯ ಮೇಲೆ ಬರೆದು ತೋರಿಸಿತ್ತು. ನಾನು ಅದನ್ನು ನೋಡಿದ್ದೆ. ನೋಡಿಯೂ ಎಲ್ಲವನ್ನೂ ಹುಡುಕಿದೆನೆಂದು ನಿಮ್ಮ ಎದುರು ಹೇಳಿದೆ. ಹೆಂಗಸಿನ ಹೆಸರು ಇರಲಾರದು ಅಂತ ಹುಡುಕುವುದಕ್ಕೆ ಮೊದಲೇ ತೀರ್ಮಾನ ಮಾಡಿದ್ದೆ. ಹೆಸರು ಸಿಕ್ಕ ಮೇಲೂ ಹನ್ನೆರಡು ದಿನ ಬಚ್ಚಿಟ್ಟೆ. ಆಮೇಲೆ ಈ ಹಿರಿಯರ ಮನೆಗೆ ಹೋಗಿ ಸುಳ್ಳು ಹೇಳಿ, ಅವರು ಕೊಟ್ಟ ಬಾಳೆಗೊನೆ ಹೊತ್ತುಕೊಂಡು ಬಂದೆ.

ಬಾಳೆಗೊನೆಯ ಮಾತನ್ನು ಎರಡು ಸಲ ಹೇಳಿದೆ. ಅದೇ ಯಾಕೋ ತಿಳಿಯದು.

ಯಾರೂ ನಗಲಿಲ್ಲ. ನಗಲಿ ಅನಿಸುತ್ತಿತ್ತು. ಎಪರಾಮ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದ. ಆಮೇಲೆ, ತನ್ನ ಸರದಿಯಲ್ಲದಿದ್ದರೂ, ಅಂದ: "ಶಾರ್ಕಿನ ಮಾತು ಆಡಿದ್ದು ನಾನು. ಅದಕ್ಕೆ ಅಯ್ಯನವರೊಬ್ರೇ ಯಾಕೆ ಹಲ್ಲು ಕೊಡ್ಬೇಕು?" ಎದ್ದು ಬಂದು ನನ್ನ ಪಕ್ಕ ಕೂತ.

ವೆರೆನಿಕಿ ಮುಂದೆ ಸರಿದು ಹಲ್ಲನ್ನು ತೆಗೆದುಕೊಂಡ. ತೆಗೆದುಕೊಂಡರೆ ಕ್ಷಮಿಸಿದ ಹಾಗೆ. ಎಲ್ಲರೂ ಬೊಗಸೆ ತಟ್ಟಿದರು. ಸದ್ದು ಅಡಗಿದ ಮೇಲೆ ಅವನು ನನಗೊಬ್ಬನಿಗೇ ಹೇಳುವ ಹಾಗೆ ಹೇಳಿದ:

"ನೀವು ಇಲ್ಲ ಅಂದಿದ್ದಕ್ಕೆ ನನಗೆ ಅಷ್ಟು ನೋವಾಗ್ಲಿಲ್ಲ ಅಯ್ಯನವರೇ. ಆವತ್ತು ಮನೆಗೆ ಹೋಗ್ತಾ ನನಗೂ ಅನ್ನಿಸ್ತು, ಅಜ್ಜಿ ಸುಳ್ಳು ಹೇಳಿದ್ಲೇನೋ ಅಂತ. ನನ್ನ ಎತ್ತಿ ಆಡಿಸಿದವಳು. ಆರು ವಾರ ನಾನು ಅವಳನ್ನ ನಂಬ್ಲಿಲ್ಲ. ಅದನ್ನ ಯಾರಿಗೆ ಹಲ್ಲು ಕೊಟ್ಟು ಸರಿ ಮಾಡ್ಲಿ?"



ಮೇ 7, ಬುಧವಾರ

ಕಲ್ಲನ್ನು ವಾಪಸು ಕಳಿಸಲು ಹಬ್ಬದ ಮುಂಚೆ ಹಡಗಿಲ್ಲ. ದೋಣಿ ಕಟ್ಟುವವರ ಉಳಿಯಿಂದ ಎಪರಾಮ ತಾನೇ ಕೆತ್ತುತ್ತೇನೆಂದು ಹಟ ಹಿಡಿದ. ಎರಡು ದಿನ ಹಿಡಿಯಿತು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ. ಹದಿನೇಳು ಹೆಸರಿನ ಕೆಳಗೆ, ಉಳಿದವಕ್ಕಿಂತ ದೊಡ್ಡದಾಗಿ: ಮೆರೆಸೀನಿ.

"ದೊಡ್ಡದಾಯ್ತಲ್ಲೋ," ಅಂದೆ.

"ಉಳಿ ದೊಡ್ಡದು ಅಯ್ಯನವರೇ, ನಾನೇನ್ ಮಾಡ್ಲಿ?"

ಮೇ 9, ಶುಕ್ರವಾರ

ಬೆಳಿಗ್ಗೆ ವೆರೆನಿಕಿ ಅಜ್ಜ ಮನೆಗೆ ಬಂದ. ಪತ್ರ ಇನ್ನೊಮ್ಮೆ ಓದಿಸಿಕೊಂಡ.

"ಇಪ್ಪತ್ತೇಳು ಜನ ಅಂತಿದೆ. ಅವರ ಹೆಸರು?"

"ಬರೆದಿಲ್ಲ ಅಜ್ಜ. ಲೆಕ್ಕ ಮಾತ್ರ."

"ಬೇರೆ ಎಲ್ಲಾದ್ರೂ?"

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಂಟೆಗಟ್ಟಲೆ ನೋಡಿದೆ. ಪುಟ ಪುಟವಾಗಿ, 1918ರಿಂದ 1922ರವರೆಗೆ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು. ಇಲ್ಲ.

"ಹಾಗಾದ್ರೆ ಬರ್ಕೊಳ್ಳಿ," ಅಂದ ಅಜ್ಜ. "ನನಗೆ ಒಂಬತ್ತು ಗೊತ್ತು."

ಮೇ 14, ಬುಧವಾರ

ಹದಿನೆಂಟು. ಊರ ತುದಿಯ ಮನೆಯ ಕುರುಡು ಮುದುಕಿಗೆ ನಾಲ್ಕು ಹೆಸರು ಗೊತ್ತಿತ್ತು, ಒಂದೇ ಮನೆಯ ನಾಲ್ಕು ಜನ. ಯಾರೂ ಕೇಳಲೇ ಇಲ್ಲವಲ್ಲ, ಅಂದಳು. ಇವತ್ತೂ ಊಟ ಅಲ್ಲೇ ಆಯಿತು, ಕೆಸುವಿನ ಸೊಪ್ಪು. ನಾಳೆ ಕೊಲ್ಲಿಯ ಆಚೆ ದಡಕ್ಕೆ ಹೋಗಬೇಕು.

ಮೇ 17, ಶನಿವಾರ

ಇಪ್ಪತ್ತಮೂರು. ಸಾಫ್ಟ್‌ವೇರಿಗೆ ಹೊಸ ಪುಸ್ತಕಗಳು ಬಂದಿವೆಯಂತೆ, ತೊರಿಕಾ ಟೀಚರ್ ಹೇಳಿದರು. ಹಬ್ಬ ಕಳೆಯಲಿ. ಫ್ರೀಜರಿನ ತುಂಬ ಹಬ್ಬದ ಮೀನಿದೆ.

ಮೇ 22, ಗುರುವಾರ

ಅಜ್ಜನ ಜಗಲಿಯಲ್ಲಿ ಕೂತು ಪಟ್ಟಿ ಎಣಿಸಿದೆವು. ಭಾನುವಾರ ಆರಾಧನೆಯಲ್ಲಿ ಓದಬೇಕು.

"ಇಪ್ಪತ್ತಾರಾಯ್ತು ಅಜ್ಜ. ಒಂದು ಸಿಗ್ತಾ ಇಲ್ಲ. ಇನ್ನು ಯಾರ ಮನೆ ಬಾಕಿ ಇದೆ?"

ಅಜ್ಜ ಕನ್ನಡಕ ತೆಗೆದು ಒರೆಸಿದ.

"ಅದು ಯಾರ ಮನೇಲೂ ಸಿಗಲ್ಲ. ಅಜ್ಜಿ ನನಗೆ ಒಂದೇ ಸಲ ಹೇಳಿದ್ಲು, ಅವಳ ಕೊನೇ ಕಾಯಿಲೇಲಿ. ಆವತ್ತು ಮಾರ್ಚ್‌ನಲ್ಲಿ ಸಭೇಲಿ ಹೇಳ್ಬೇಕು ಅಂತಲೇ ಎದ್ದಿದ್ದೆ. ಹೇಳೋಕಾಗ್ಲಿ‍ಲ್ಲ."

ನಾನು ಪೆನ್ನು ಹಿಡಿದು ಕಾದೆ. ನಗುವಿನ ಸದ್ದು, ಅದರಲ್ಲಿ ನನ್ನದು, ಕಿವಿಯಲ್ಲಿತ್ತು.

"ಇಸಿಕೇಲಿ," ಅಂದ ಅಜ್ಜ. "ಅವಳ ಮೊದಲ್ನೇ ಮಗ. ಎರಡು ವರ್ಷ. ಇದ್ದಿದ್ರೆ ನನಗೆ ದೊಡ್ಡಪ್ಪ. ಶನಿವಾರ ಸಂಜೆ ಅವಳೇ ಮಣ್ಣು ಮಾಡಿದ್ಲು. ಭಾನುವಾರ ಬೆಳಿಗ್ಗೆ ಸಭೆ ನಡೆಸಿದ್ಲು."

ಬರೆದುಕೊಂಡೆ. ಅಜ್ಜ ಬಗ್ಗಿ ನೋಡಿ, "ಎಲ್ಲಾ ಓದಿ," ಅಂದ.

ಇಪ್ಪತ್ತೇಳನ್ನೂ ಓದಿದೆ. ಒಂದನ್ನು ತಪ್ಪಾಗಿ ಹೇಳಿದೆ. ಅವನು ತಿದ್ದಿದ. ಮತ್ತೆ ಮೊದಲಿನಿಂದ ಓದಿದೆ.